ಕಾರಿಗೆ ಗೇರ್ ಬೀಳುತ್ತಿಲ್ಲ: ಗೇರ್ ಬಾಕ್ಸ್ ಇಳಿಸಲೇಬೇಕೇ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಮ್ಯಾನುಯಲ್. ಓಡಿರುವುದು 70,000 ಕಿಲೋಮೀಟರಿನ ಆಸುಪಾಸು. ಮಳೆಗಾಲ ಶುರುವಾದಾಗಿನಿಂದ ಮೊದಲ ಗೇರ್ ಮತ್ತು ರಿವರ್ಸ್ ಹಾಕಲು ಬಲ ಬೇಕಾಗುತ್ತಿತ್ತು. ಈಗ ಎಂಜಿನ್ ಸ್ಟಾರ್ಟ್ ಮಾಡಿ ಕ್ಲಚ್ ಪೂರ್ತಿ ಒತ್ತಿದರೂ ಲಿವರ್ ನ್ಯೂಟ್ರಲ್ ಬಿಟ್ಟು ಕದಲುವುದಿಲ್ಲ. ರಿವರ್ಸಿಗೆ ಒತ್ತಾಯ ಮಾಡಿದರೆ ಕರಕರ ಸದ್ದು.

ಗ್ಯಾರೇಜಿನವರೊಬ್ಬರು ಮನೆಗೆ ಬಂದು ಲಿವರ್ ಅಲ್ಲಾಡಿಸಿ ನೋಡಿ, ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಇಡೀ ಸೆಟ್ ಬದಲಿಸಬೇಕು’ ಎಂದು ಹೇಳಿ ಹೋದರು. ಬಾನೆಟ್ ಕೂಡ ತೆರೆಯಲಿಲ್ಲ. ಅಮ್ಮನನ್ನು ತಪಾಸಣೆಗೆ ಶಿವಮೊಗ್ಗಕ್ಕೆ ಕರೆದೊಯ್ಯುವುದಿದೆ. ಖರ್ಚು ಮಾಡಲು ತಕರಾರಿಲ್ಲ, ಆದರೆ ಬೇಡದ ಕೆಲಸಕ್ಕೆ ದುಡ್ಡು ಸುರಿಯಲು ಮನಸ್ಸಿಲ್ಲ. ತಿಳಿದವರು ದಾರಿ ಹೇಳಬೇಕು.

ಬಯಲುಸೀಮೆ, ಚಿತ್ರದುರ್ಗ

ಮೇಡಂ, 70,000 ಓಡಿದೆ ಎಂದರೆ ಕ್ಲಚ್ ಆಯಸ್ಸು ಮುಗಿದಿರುವ ಸಂಭವವೇ ಹೆಚ್ಚು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿಬಿಡಿ. ಮತ್ತೆ ಮತ್ತೆ ಇಳಿಸುವ ತಾಪತ್ರಯ ಇರುವುದಿಲ್ಲ.

ಗ್ಯಾರೇಜ್ ಮೇಸ್ತ್ರಿ, ದಾವಣಗೆರೆ

ಸ್ವಲ್ಪ ತಡೆಯಿರಿ. ಯಾರೂ ಏನನ್ನೂ ಇಳಿಸುವುದು ಬೇಡ.

ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಅಂದರೆ ಗೇರ್ ಸಲೀಸಾಗಿ ಬೀಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚುತ್ತದೆ, ಕಾರು ಮಾತ್ರ ಏರುವುದಿಲ್ಲ. ಏರುದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ. ಮೇಡಂ ಹೇಳುತ್ತಿರುವುದು ಅದರ ತದ್ವಿರುದ್ಧದ ತೊಂದರೆ. ಇಲ್ಲಿ ಕ್ಲಚ್ ಹಿಡಿಯುತ್ತಿಲ್ಲ ಎಂದಲ್ಲ, ಬಿಡುತ್ತಿಲ್ಲ. ಎರಡಕ್ಕೂ ಒಂದೇ ಮದ್ದು ಬರೆಯುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬೇರೂರಿದೆ, ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗೇರ್ ಬಾಕ್ಸ್ ಇಳಿಸುವುದು ದಿನವಿಡೀ ಹಿಡಿಯುವ ಕೆಲಸ. ಇಳಿಸಿ ಹೊಸ ಸೆಟ್ ಹಾಕಿದ ಮೇಲೂ ಅದೇ ಕರಕರ ಉಳಿದು, ಅಳುಮುಖ ಮಾಡಿಕೊಂಡು ನನ್ನ ಬಳಿ ಬಂದವರು ಅನೇಕರಿದ್ದಾರೆ.

ಮೊದಲು ಒಂದೇ ಒಂದು ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಎಲ್ಲವನ್ನೂ ಹಾಕಿ ನೋಡಿ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಬಿದ್ದರೆ ಗೇರ್ ಬಾಕ್ಸ್ ಮೇಲೆ ಸಂಶಯ ಬೇಡ, ದೋಷ ಕ್ಲಚ್ ಬಿಡುವುದರಲ್ಲಿದೆ. ಆಫ್ ಇದ್ದಾಗಲೂ ಬೀಳದಿದ್ದರೆ ಲಿವರಿನಿಂದ ಗೇರ್ ಬಾಕ್ಸ್‌ವರೆಗಿನ ಕೇಬಲ್, ಬುಷ್, ರಾಡ್‌ಗಳನ್ನು ಹುಡುಕಬೇಕು. ಈ ಕವಲು ಗೊತ್ತಾಗದೆ ಮುಂದಿನ ಮಾತು ವ್ಯರ್ಥ.

ಜೊತೆಗೆ ಇಷ್ಟು ಹೇಳಿ: ನಿಮ್ಮದು ಕೇಬಲ್ ಕ್ಲಚ್ಚೋ, ಆಯಿಲ್ ಕ್ಲಚ್ಚೋ? ಪೆಡಲ್ ಗಟ್ಟಿಯಾಗಿದೆಯೋ, ಮೆತ್ತಗಾಗಿದೆಯೋ? ನಾಲ್ಕೈದು ಬಾರಿ ಬೇಗ ಬೇಗ ಪಂಪ್ ಮಾಡಿ ಕೊನೆಯ ಸಲ ಒತ್ತಿಹಿಡಿದರೆ ಗೇರ್ ಬೀಳುತ್ತದೆಯೋ?

ಕರಾವಳಿ ಚಾಲಕ, ಉಡುಪಿ

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೆಡಲ್ ಕೆಳಗಿನ ಮ್ಯಾಟ್ ನೋಡಿ. ಮಳೆಗಾಲದಲ್ಲಿ ಕೆಸರು ಬೀಳುತ್ತದೆಂದು ಕಾರ್ಪೆಟ್ ಮ್ಯಾಟಿನ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಇನ್ನೊಂದು ಹಾಕುವುದು ನಮ್ಮ ಕಡೆ ರೂಢಿ. ಅದು ಮುಂದಕ್ಕೆ ಸರಿದು ಪೆಡಲ್ ಅಡಿಯಲ್ಲಿ ಮಡಿಚಿ ಕುಳಿತರೆ ಕ್ಲಚ್ ಕೊನೆಯವರೆಗೆ ಇಳಿಯುವುದಿಲ್ಲ. ಒತ್ತಿದ್ದೇವೆ ಎಂದು ಕಾಲಿಗೆ ಅನ್ನಿಸುತ್ತದೆ, ಆದರೆ ಬೇಕಾದಷ್ಟು ಒತ್ತಿರುವುದಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೊಸ ಹುಡುಗರು ಗೇರ್ ಬೀಳುತ್ತಿಲ್ಲ ಎಂದರೆ ನಾನು ಮೊದಲು ಮ್ಯಾಟ್ ಎಳೆದು ಹೊರಗೆ ಹಾಕುತ್ತೇನೆ.

ತುಂಗಾತೀರ

ಮ್ಯಾಟ್ ತೆಗೆದು ನೋಡಿದೆ, ವ್ಯತ್ಯಾಸವಾಗಲಿಲ್ಲ. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ, ರಿವರ್ಸ್ ಸಹ. ಪೆಡಲ್ ಮೊದಲಿಗಿಂತ ಮೆತ್ತಗಿದೆ, ಒತ್ತಿದ ಮೇಲೆ ಅರ್ಧದವರೆಗೆ ಹಗುರವಾಗಿ ಹೋಗುತ್ತದೆ. ಮೇಸ್ತ್ರಿಗಳು ಹೇಳಿದಂತೆ ಪಂಪ್ ಮಾಡಿ ಒತ್ತಿಹಿಡಿದಾಗ ಮೊದಲ ಗೇರ್ ಬಿತ್ತು! ಆದರೆ ಒತ್ತಿಹಿಡಿದುಕೊಂಡೇ ಇದ್ದರೆ ಸ್ವಲ್ಪ ಹೊತ್ತಿಗೆ ಕಾರು ತಾನಾಗಿ ಮುಂದಕ್ಕೆ ಜಗ್ಗುತ್ತದೆ, ಹೆದರಿ ಆಫ್ ಮಾಡಿದೆ. ಕೇಬಲ್ಲೋ ಆಯಿಲ್ಲೋ ಎಂಬುದನ್ನು ಗುರುತಿಸುವುದು ಹೇಗೆ?

ಯಂತ್ರಪಾಠ, ಹುಬ್ಬಳ್ಳಿ

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ನೀವು ಕೊಟ್ಟ ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವುದರಿಂದ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೇಳಿಬಿಡುತ್ತೇನೆ.

ಎಂಜಿನ್ನಿನ ಕೊನೆಗೆ ಫ್ಲೈವೀಲ್ ಇರುತ್ತದೆ. ಅದಕ್ಕೆ ಒತ್ತಿಕೊಂಡಂತೆ ಕ್ಲಚ್ ಪ್ಲೇಟ್, ಪ್ಲೇಟಿನ ಬೆನ್ನಿಗೆ ಪ್ರೆಷರ್ ಪ್ಲೇಟ್. ನೀವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಅದುಮುತ್ತದೆ, ನಡುವಿನ ಪ್ಲೇಟ್ ಸಡಿಲವಾಗುತ್ತದೆ. ಈ ಸಡಿಲ ಮಿಲಿಮೀಟರ್ ಲೆಕ್ಕದ್ದು, ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲ. ಬೇರಿಂಗ್ ತಲುಪಬೇಕಾದ ಜಾಗಕ್ಕೆ ತುಸು ಕಡಿಮೆ ಸರಿದರೂ ಪ್ಲೇಟ್ ಉಜ್ಜಿಕೊಂಡೇ ತಿರುಗುತ್ತದೆ, ಅದರೊಡನೆ ಗೇರ್ ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ಕೂಡ ತಿರುಗುತ್ತದೆ.

ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುತ್ತವೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತಂದ ಮೇಲಷ್ಟೇ ಹಲ್ಲುಗಳನ್ನು ಕೂಡಲು ಬಿಡುವುದು ಅವುಗಳ ಕೆಲಸ. ಎಂಜಿನ್ ಆ ಶಾಫ್ಟನ್ನು ಇನ್ನೂ ತಿರುಗಿಸುತ್ತಲೇ ಇದ್ದರೆ ಪುಟ್ಟ ಉಂಗುರ ಅದನ್ನು ನಿಲ್ಲಿಸಲಾರದು, ಹಾಗಾಗಿ ಅಡ್ಡ ನಿಲ್ಲುತ್ತದೆ. ಲಿವರ್ ಕದಲದಿರುವುದಕ್ಕೆ ಇದೇ ಕಾರಣ. ಗೇರ್ ಬಾಕ್ಸ್ ಕೆಟ್ಟಿಲ್ಲ, ತನ್ನ ಹಲ್ಲುಗಳನ್ನು ಕಾಪಾಡಿಕೊಳ್ಳುತ್ತಿದೆ. ದಯವಿಟ್ಟು ಬಲಪ್ರಯೋಗ ಮಾಡಬೇಡಿ. ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದೇ ಇಲ್ಲ, ಆದ್ದರಿಂದ ಅಲ್ಲಿ ಅಡ್ಡ ನಿಲ್ಲುವವರಿಲ್ಲದೆ ನೇರವಾಗಿ ಹಲ್ಲಿಗೆ ಹಲ್ಲು ತಾಗಿ ಕರಕರ ಕೇಳುತ್ತದೆ.

ಪಂಪ್ ಮಾಡಿದಾಗ ಗೇರ್ ಬಿತ್ತು, ಒತ್ತಿಹಿಡಿದಾಗ ಕಾರು ಜಗ್ಗಿತು ಎಂದಿರಿ. ಕೇಬಲ್ ಕ್ಲಚ್ಚಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ ಪೆಡಲನ್ನು ಎಷ್ಟು ಸಲ ಒತ್ತಿದರೂ ತಂತಿ ಅಷ್ಟೇ ಎಳೆಯುತ್ತದೆ. ನಿಮ್ಮದು ಆಯಿಲ್ ಒತ್ತಡದ ಕ್ಲಚ್ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒತ್ತಡ ಎಲ್ಲೋ ಸೋರಿಹೋಗುತ್ತಿದೆ.

ಗ್ಯಾರೇಜ್ ಮೇಸ್ತ್ರಿ

ಪಾಠದ ಮೇಷ್ಟ್ರು ಸರಿಯಾಗಿ ಹೇಳಿದರು. ಮೇಡಂ, ಈಗ ಬಾನೆಟ್ ತೆರೆಯಿರಿ. ಚಾಲಕನ ಎದುರಿನ ಗೋಡೆಯ ಬಳಿ ಬ್ರೇಕ್ ಆಯಿಲ್ ಡಬ್ಬಿ ಇರುತ್ತದೆ, ಬಿಳಿ ಪ್ಲಾಸ್ಟಿಕ್, ಮೇಲೆ ಕೆಳಗೆ ಎರಡು ಗೆರೆ. ಬಹಳಷ್ಟು ಕಾರುಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಸಣ್ಣ ರಬ್ಬರ್ ಪೈಪ್ ಹೋಗುತ್ತದೆ. ಆ ಪೈಪಿನ ಬಾಯನ್ನು ಬೇಕೆಂದೇ ಎತ್ತರದಲ್ಲಿ ಇಟ್ಟಿರುತ್ತಾರೆ. ಕ್ಲಚ್ ಕಡೆ ಸೋರಿದರೂ ಬ್ರೇಕಿಗೆ ಬೇಕಾದ ಆಯಿಲ್ ತಳದಲ್ಲಿ ಉಳಿಯಲಿ ಎಂಬ ಮುನ್ನೆಚ್ಚರಿಕೆ ಅದು. ಹಾಗಾಗಿ ಮಟ್ಟ ಇಳಿದಾಗ ಮೊದಲು ಗೇರ್ ಕೈಕೊಡುತ್ತದೆ, ಬ್ರೇಕ್ ಇನ್ನೂ ಹಿಡಿಯುತ್ತಿರುತ್ತದೆ.

ಆಮೇಲೆ ಎರಡು ಜಾಗ ನೋಡಬೇಕು. ಒಂದು, ಗೇರ್ ಬಾಕ್ಸಿನ ಮೇಲೆ ಕೂತಿರುವ ಸ್ಲೇವ್ ಸಿಲಿಂಡರ್. ಅದರ ತುದಿಯಲ್ಲಿ ರಬ್ಬರ್ ಟೋಪಿ ಇರುತ್ತದೆ, ಅದರಿಂದ ಕಡ್ಡಿಯೊಂದು ಹೊರಬಂದು ಫೋರ್ಕ್, ಅಂದರೆ ರಿಲೀಸ್ ಬೇರಿಂಗನ್ನು ಸರಿಸುವ ತೋಳನ್ನು ಒತ್ತುತ್ತದೆ. ಟೋಪಿಯ ಅಂಚನ್ನು ಮೆಲ್ಲಗೆ ಸರಿಸಿ ನೋಡಿ, ಒಳಗೆ ಒದ್ದೆ ಇದ್ದರೆ ಅದರ ಸೀಲ್ ಹೋಗಿದೆ. ಇನ್ನೊಬ್ಬರನ್ನು ಕೂರಿಸಿ ಪೆಡಲ್ ಒತ್ತಿಸಿದಾಗ ಆ ಕಡ್ಡಿ ಒಂದು ಸೆಂಟಿಮೀಟರಿಗಿಂತಲೂ ಹೆಚ್ಚು ಹೊರಬರಬೇಕು. ಒಂಚೂರು ಅಲುಗಿ ನಿಂತರೆ ಪೆಡಲಿನ ಬಲ ಅಲ್ಲಿಗೆ ತಲುಪುತ್ತಿಲ್ಲ ಎಂದೇ ಲೆಕ್ಕ. ಕೈಬೆರಳನ್ನು ಫೋರ್ಕ್ ಬಳಿ ಇಡಬೇಡಿ, ಎಂಜಿನ್ ಆಫ್ ಇರಲಿ.

ಎರಡನೆಯದು ಕಾರಿನ ಒಳಗೆ. ಟಾರ್ಚ್ ಹಿಡಿದು ಕ್ಲಚ್ ಪೆಡಲಿನ ಮೇಲ್ಭಾಗ ನೋಡಿ. ಪೆಡಲಿನಿಂದ ಒಂದು ಕಡ್ಡಿ ಗೋಡೆಯೊಳಕ್ಕೆ ಹೋಗುತ್ತದೆ, ಅದರ ಆಚೆ ಮಾಸ್ಟರ್ ಸಿಲಿಂಡರ್. ಪೆಡಲ್ ಒತ್ತಿದಾಗ ಆಯಿಲನ್ನು ಸ್ಲೇವಿನ ಕಡೆಗೆ ತಳ್ಳುವುದು ಅದೇ. ಆ ಕಡ್ಡಿಯ ಸುತ್ತ, ಅದರ ಕೆಳಗಿನ ಕಾರ್ಪೆಟ್ಟಿನ ಮೇಲೆ ಕೈಯಾಡಿಸಿ.

ಮಲೆನಾಡ ಮಳೆ, ಸಾಗರ

ಡಬ್ಬಿಯಲ್ಲಿ ಆಯಿಲ್ ಕಡಿಮೆಯಿದ್ದರೆ ಸದ್ಯಕ್ಕೆ ಮನೆಯಲ್ಲಿರುವ ಎಂಜಿನ್ ಆಯಿಲ್ ಸ್ವಲ್ಪ ಹಾಕಿಕೊಂಡು ಗ್ಯಾರೇಜ್ ತಲುಪಬಹುದಲ್ಲವೇ? ನಮ್ಮೂರಲ್ಲಿ ಟ್ರ್ಯಾಕ್ಟರಿನವರು ಹಾಗೆ ಮಾಡುವುದನ್ನು ಕಂಡಿದ್ದೇನೆ.

ಯಂತ್ರಪಾಠ

ಖಂಡಿತ ಬೇಡ. ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ, ಸ್ಟೀರಿಂಗ್ ಆಯಿಲ್, ಯಾವುದನ್ನೂ ಆ ಡಬ್ಬಿಗೆ ಹನಿಯಷ್ಟೂ ಹಾಕಬಾರದು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯವು. ಸಿಲಿಂಡರಿನ ರಬ್ಬರ್ ಸೀಲುಗಳನ್ನು ಅದಕ್ಕೆ ಹೊಂದುವಂತೆ ಮಾಡಿರುತ್ತಾರೆ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಡಬ್ಬಿ ಬ್ರೇಕಿಗೂ ಒಂದೇ ಆಗಿರುವುದರಿಂದ ಕ್ಲಚ್ ತೊಂದರೆಯ ಜೊತೆಗೆ ನಾಲ್ಕೂ ಚಕ್ರದ ಬ್ರೇಕನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ. ಅಂಥ ಕಾರಿನಲ್ಲಿ ಘಾಟಿ ಇಳಿಯುವ ಪರಿಸ್ಥಿತಿ ಯಾರಿಗೂ ಬರಬಾರದು. ತಪ್ಪಿ ಹಾಕಿದ್ದರೆ ಮಾಸ್ಟರ್ ಸಿಲಿಂಡರುಗಳು, ಕ್ಯಾಲಿಪರ್ ಸೀಲುಗಳು, ಹೋಸ್‌ಗಳು, ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅದನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಬೇಕು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ವರ್ಷಗಟ್ಟಲೆ ತೆರೆದಿಟ್ಟ ಬಾಟಲಿ ಪ್ರಯೋಜನವಿಲ್ಲ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಒಳಗೆ ಸೇರಿದ ನೀರು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಸೀಲನ್ನು ಕೊರೆಯುತ್ತದೆ. ನಮ್ಮಲ್ಲಿ ಕ್ಲಚ್ ಸಿಲಿಂಡರುಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ತುಂಗಾತೀರ

ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿದೆ, ಬಣ್ಣ ಕಪ್ಪು ಚಹಾದಂತಾಗಿದೆ. ಸ್ಲೇವ್ ಸಿಲಿಂಡರಿನ ಟೋಪಿಯೊಳಗೆ ಒಣಗಿಯೇ ಇದೆ. ಅಣ್ಣನನ್ನು ಕೂರಿಸಿ ಪೆಡಲ್ ಒತ್ತಿಸಿದೆ, ಕಡ್ಡಿ ಅರ್ಧ ಬೆರಳಿನ ಉಗುರಿನಷ್ಟೂ ಹೊರಬರಲಿಲ್ಲ.

ಕಾರಿನೊಳಗೆ ಪೆಡಲಿನ ಕೆಳಗೆ ಕಾರ್ಪೆಟ್ ಒದ್ದೆಯಾಗಿದೆ. ಆದರೆ ಇಲ್ಲಿ ಬಿಡದೆ ಮಳೆ. ಚಪ್ಪಲಿಯ ನೀರೋ, ಎ.ಸಿ. ನೀರೋ, ಆಯಿಲ್ಲೋ ತಿಳಿಯುತ್ತಿಲ್ಲ.

ಗ್ಯಾರೇಜ್ ಮೇಸ್ತ್ರಿ

ಬಿಳಿ ಕಾಗದದ ಕರವಸ್ತ್ರ ಒತ್ತಿ ತೆಗೆದು ಫ್ಯಾನ್ ಕೆಳಗಿಡಿ. ನೀರಾದರೆ ಒಣಗಿ ಕಾಗದ ಮೊದಲಿನಂತಾಗುತ್ತದೆ. ಬ್ರೇಕ್ ಆಯಿಲ್ ಆದರೆ ಒಣಗುವುದೇ ಇಲ್ಲ, ಎರಡು ಬೆರಳ ನಡುವೆ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಉಜ್ಜಿದ ಮೇಲೆ ಕೈ ತೊಳೆಯಿರಿ, ಕಣ್ಣಿಗೆ ಮುಟ್ಟಿಸಬೇಡಿ. ಇನ್ನೊಂದು ಗುರುತು: ಪೆಡಲ್ ಕೂತಿರುವ ಕಬ್ಬಿಣದ ಪಟ್ಟಿಗೆ ಬಳಿದ ಬಣ್ಣ ನೋಡಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ನೀರು ತಿನ್ನುವುದಿಲ್ಲ.

ತುಂಗಾತೀರ

ಕಾಗದ ಒಣಗಿಲ್ಲ. ಟಾರ್ಚ್ ಹಾಕಿ ಮಲಗಿಕೊಂಡು ನೋಡಿದೆ. ಕಡ್ಡಿ ಗೋಡೆಯೊಳಗೆ ಹೋಗುವ ಜಾಗದಿಂದ ಕೆಳಕ್ಕೆ ಒಂದು ಬೆರಳಗಲದ ಜಾಡು, ಅಲ್ಲಿ ಕಪ್ಪು ಬಣ್ಣ ಸುಕ್ಕುಗಟ್ಟಿ ಪೊರೆಯಂತೆ ಎದ್ದಿದೆ, ಉಗುರು ತಾಗಿದರೆ ಕಳಚಿ ಬರುತ್ತಿದೆ. ಪಟ್ಟಿಯ ಅಂಚಿನಲ್ಲಿ ಒಂದು ಹನಿ ನಿಂತಿತ್ತು.

ಗ್ಯಾರೇಜ್ ಮೇಸ್ತ್ರಿ

ಸಿಕ್ಕಿತು. ಕ್ಲಚ್ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ. ನೀವು ಪೆಡಲ್ ಒತ್ತಿದಾಗ ಆಯಿಲ್ ಸ್ಲೇವಿನ ಕಡೆಗೆ ಹೋಗುವ ಬದಲು ಹಿಂದಕ್ಕೆ ನುಸುಳಿ ಕಾರಿನೊಳಗೆ ಸೋರುತ್ತಿದೆ. ಮಟ್ಟ ಇಳಿದು ಪೈಪಿಗೆ ಗಾಳಿಯೂ ಹೊಕ್ಕಿದೆ. ಗೇರ್ ಬಾಕ್ಸ್ ಮುಟ್ಟುವುದೇ ಬೇಡ. ಮಾಸ್ಟರ್ ಸಿಲಿಂಡರ್ ಹೊಸದು ಹಾಕಿಸಿ. ಒಳಗಿನ ರಬ್ಬರ್ ಕಿಟ್ ಮಾತ್ರ ಹಾಕುತ್ತೇನೆ ಎಂದು ಯಾರಾದರೂ ಹೇಳಿದರೆ, ಸಿಲಿಂಡರಿನ ಒಳಗೋಡೆ ಬೆಳಕಿಗೆ ಹಿಡಿದಾಗ ಗೀರಿಲ್ಲದೆ ಹೊಳೆಯುತ್ತಿದ್ದರೆ ಮಾತ್ರ ಒಪ್ಪಿಕೊಳ್ಳಿ. ಸ್ಲೇವ್ ಸಿಲಿಂಡರನ್ನೂ ಜೊತೆಗೇ ಬದಲಿಸಿ ಎನ್ನುತ್ತೇನೆ. ಅದೂ ಅಷ್ಟೇ ಹಳೆಯದು, ಅದೇ ಕೊಳೆತ ಆಯಿಲ್ ಕುಡಿದದ್ದು. ನಿಮ್ಮ ಕಾರಿನಲ್ಲಿ ಅದು ಹೊರಗಿದೆ, ಬಿಚ್ಚುವುದು ಸುಲಭ.

ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ರಿಲೀಸ್ ಬೇರಿಂಗಿನೊಡನೆ ಒಂದಾಗಿ ಗೇರ್ ಬಾಕ್ಸಿನ ಗಂಟೆಯಾಕಾರದ ಕವಚದ ಒಳಗಿರುತ್ತದೆ. ಅದು ಸೋರಿದರೆ ಇಳಿಸದೆ ಬೇರೆ ದಾರಿಯಿಲ್ಲ. ಆಗ ಬಯಲುಸೀಮೆಯವರು ಹೇಳಿದ ಹಾಗೆ ಇಡೀ ಸೆಟ್ ಹಾಕಿಸುವುದೇ ಜಾಣತನ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಬಯಲುಸೀಮೆ

ಒಪ್ಪಿದೆ ಮೇಸ್ತ್ರಿಗಳೇ. ಆದರೆ ಪ್ಲೇಟಿನಿಂದ ಗೇರ್ ಬೀಳದೇ ಇರುವ ಸಂದರ್ಭವೇ ಇಲ್ಲವೇ? ನಮ್ಮ ಭಾವನ ಕಾರಿನಲ್ಲಿ ಕಡೆಗೆ ಇಳಿಸಿಯೇ ಸರಿಯಾದದ್ದು.

ಯಂತ್ರಪಾಠ

ಇದೆ, ನಿಮ್ಮ ಭಾವನವರ ಕಾರಿನಲ್ಲಿ ಆದದ್ದು ಸುಳ್ಳಲ್ಲ. ಪ್ಲೇಟಿನ ಲೈನಿಂಗ್ ತುಂಡಾಗಿ ನಡುವೆ ಸಿಕ್ಕಿಕೊಂಡರೆ, ಬಿಸಿಗೆ ಪ್ಲೇಟ್ ಸೊಟ್ಟಗಾದರೆ, ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳು ಮುರಿದರೆ, ಫೋರ್ಕ್ ಬಿರುಕು ಬಿಟ್ಟರೆ ಕ್ಲಚ್ ಬಿಡುವುದಿಲ್ಲ. ಶಾಫ್ಟಿನ ಮೇಲೆ ಪ್ಲೇಟ್ ಹಿಂದೆ ಮುಂದೆ ಜಾರುವ ಉದ್ದನೆಯ ಹಲ್ಲುಗಳಿಗೆ (ಸ್ಪ್ಲೈನ್) ತುಕ್ಕು ಹಿಡಿದರೂ ಅಷ್ಟೇ. ಆದರೆ ಅಂಥ ಕಾರಿನಲ್ಲಿ ಸ್ಲೇವ್ ಕಡ್ಡಿ ಪೂರ್ತಿ ದೂರ ಚಲಿಸುತ್ತಿರುತ್ತದೆ. ಹೊರಗಿನ ಚಲನೆ ಸರಿಯಿದ್ದೂ ಗೇರ್ ಬೀಳದಿದ್ದರೆ ಮಾತ್ರ ಒಳಗೆ ಇಳಿಯಬೇಕು. ಕೇಬಲ್ ಕ್ಲಚ್ಚಿನ ಕಾರಾದರೆ ಕಡ್ಡಿಯ ಬದಲು ಗೇರ್ ಬಾಕ್ಸಿನ ಮೇಲಿನ ಫೋರ್ಕ್ ತೋಳು ಎಷ್ಟು ಸರಿಯುತ್ತದೆ ನೋಡಿ. ಕೇಬಲ್ ಹಿಗ್ಗಿದ್ದರೆ ತುದಿಯ ನಟ್ ತಿರುಗಿಸಿ ಬಿಗಿ ಮಾಡಬಹುದು. ಎಳೆಗಳು ಹರಿಯುತ್ತಿದ್ದರೆ ಪೆಡಲ್ ಗಡುಸಾಗಿ ಕಿರಗುಟ್ಟುತ್ತದೆ, ಅಂಥ ಕೇಬಲನ್ನು ತಡಮಾಡದೆ ಬದಲಿಸಿ.

ಮಲೆನಾಡ ಮಳೆ

ತುಕ್ಕಿನ ಮಾತು ಬಂದಿದ್ದರಿಂದ ಕೇಳುತ್ತೇನೆ. ನಮ್ಮ ಚಿಕ್ಕಪ್ಪ ಹೊರದೇಶದಲ್ಲಿದ್ದಾರೆ, ಅವರ ಕಾರು ಇಡೀ ಮಳೆಗಾಲ ಶೆಡ್ಡಿನಲ್ಲಿ ನಿಂತಿತ್ತು. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಚೆನ್ನಾಗಿದೆ, ಗೇರ್ ಮಾತ್ರ ಬೀಳುವುದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇದೆ, ಡಬ್ಬಿ ತುಂಬಿದೆ.

ಗ್ಯಾರೇಜ್ ಮೇಸ್ತ್ರಿ

ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡಿದೆ. ಮಲೆನಾಡು, ಕರಾವಳಿ ಎರಡೂ ಕಡೆ ಇದು ಮಾಮೂಲು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಮೇಲೆ ಆಫ್ ಮಾಡಿ, ವಿಶಾಲವಾದ ಖಾಲಿ ಮೈದಾನದಲ್ಲಿ ಕಾರು ನಿಲ್ಲಿಸಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ಪ್ಲೇಟ್ ಅಂಟಿರುವುದರಿಂದ ಕಾರು ಜಗ್ಗಿ ಹೊರಡುತ್ತದೆ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಒತ್ತಿ ಬಿಡಿ, ಒತ್ತಿ ಬಿಡಿ. ಟಪ್ ಎಂದು ಬಿಡಿಸಿಕೊಂಡ ಕೂಡಲೇ ಎಂಜಿನ್ ಹಗುರವಾಗಿ ಓಡಿ, ಕಾರು ನಿಧಾನವಾಗುತ್ತದೆ. ಮುಂದೆ ಗೋಡೆ, ದನಕರು, ಮಕ್ಕಳು ಯಾರೂ ಇರಬಾರದು, ಕಾಲು ಬ್ರೇಕಿನ ಮೇಲೆ ಹೋಗಲು ಸಿದ್ಧವಿರಬೇಕು. ಅದಕ್ಕೂ ಮೊದಲು ಆ ಕಾರಿನ ಬ್ರೇಕ್ ಹಿಡಿಯುತ್ತದೆಯೇ ಎಂದು ತಳ್ಳಿ ನೋಡಿ, ನಿಂತ ಕಾರಿನಲ್ಲಿ ಅದೂ ತುಕ್ಕು ಹಿಡಿದಿರುತ್ತದೆ. ಇಷ್ಟು ಮಾಡಿದರೂ ಬಿಡದಿದ್ದರೆ ಮಾತ್ರ ಇಳಿಸುವುದು.

ಮಿಶಿಗನ್ ಕನ್ನಡಿಗ

ಇಲ್ಲಿ ನಾವು ಓಡಿಸುವುದು ಆಟೊಮ್ಯಾಟಿಕ್, ನಮ್ಮ ಕಷ್ಟವೇ ಬೇರೆ. ಊರಲ್ಲೂ ಆಟೊಮ್ಯಾಟಿಕ್ ಹೆಚ್ಚುತ್ತಿರುವುದರಿಂದ ಹೇಳುತ್ತೇನೆ. ಲಿವರ್ ‘ಪಿ’ (ಪಾರ್ಕಿಂಗ್) ಬಿಟ್ಟು ಕದಲದಿದ್ದರೆ ಮೊದಲು ಬ್ರೇಕ್ ಒತ್ತಿ ಹಿಂದಿನ ಬ್ರೇಕ್ ದೀಪ ಹೊತ್ತುತ್ತದೆಯೇ ಎಂದು ಯಾರಿಂದಲಾದರೂ ನೋಡಿಸಿ. ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾದರೆ ಮಾತ್ರ ಲಿವರಿನ ಬೀಗ ಬಿಡುತ್ತದೆ. ಪೆಡಲಿನ ಮೇಲಿರುವ ಸಣ್ಣ ಸ್ವಿಚ್ ಕೆಟ್ಟರೆ, ಅದರ ಫ್ಯೂಸ್ ಹೋದರೆ, ಇಲಿ ವೈರ್ ಕಡಿದರೆ ದೀಪವೂ ಇಲ್ಲ, ಗೇರೂ ಇಲ್ಲ. ಹಲವು ಕಾರುಗಳಲ್ಲಿ ಲಿವರ್ ಪಕ್ಕ ಪುಟ್ಟ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಆ ಮುಚ್ಚಳದಡಿಯ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಅದುಮಿದರೆ ಲಿವರ್ ಬಿಡುಗಡೆಯಾಗುತ್ತದೆ. ಬ್ರೇಕ್ ದೀಪವಿಲ್ಲದ ಕಾರನ್ನು ರಸ್ತೆಯಲ್ಲಿ ಓಡಿಸುವುದು ಹಿಂದಿನವರಿಗೆ ಅಪಾಯ, ಗ್ಯಾರೇಜಿಗೆ ಮಾತ್ರ ಹೋಗಿ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ‘ಎನ್’ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಭಾರ ಅದರ ಮೇಲೆ ಕೂತ ಮೇಲೆ ‘ಪಿ’ಗೆ ಹಾಕಿ. ಇಲ್ಲವಾದರೆ ಇಡೀ ಭಾರ ಒಳಗಿನ ಸಣ್ಣ ಕೊಕ್ಕೆಯ ಮೇಲೆ ಬಿದ್ದು ಲಿವರ್ ಬಿಗಿದುಕೊಳ್ಳುತ್ತದೆ.

ಬಯಲುಸೀಮೆ

ನನ್ನದು ಎ.ಎಂ.ಟಿ. ಬ್ರೇಕ್ ದೀಪ ಸರಿಯಿದೆ. ಆದರೂ ಬೆಳಗ್ಗೆ ಕೆಲವೊಮ್ಮೆ ‘ಎನ್’ ಎಂದು ಮಿನುಗುತ್ತ ‘ಡಿ’ಗೆ ಹೋಗುವುದಿಲ್ಲ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ಯಂತ್ರಪಾಠ

ಎ.ಎಂ.ಟಿ. ಒಳಗೆ ಇರುವುದು ಮ್ಯಾನುಯಲ್ ಗೇರ್ ಬಾಕ್ಸೇ. ನಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರು ಬಂದ ಮೇಲೆ ನಮ್ಮಲ್ಲಿ ಇದು ಮನೆಮಾತಾಯಿತು. ಅನೇಕ ಎ.ಎಂ.ಟಿ. ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದಾಗ ಗುಂಯ್ ಎಂದು ಸಣ್ಣ ಪಂಪ್ ಓಡಿ ಆಯಿಲ್ ಒತ್ತಡ ತುಂಬುತ್ತದೆ. ನಿಮ್ಮ ತೊಂದರೆ ಬೆಳಗ್ಗೆ ಮಾತ್ರ ಬರುವುದರಿಂದ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. ಬ್ಯಾಟರಿ ಬಡವಾದರೆ ಪಂಪಿಗೆ ಸಾಕಷ್ಟು ಶಕ್ತಿ ಸಿಗುವುದಿಲ್ಲ. ಅದು ಸರಿಯಿದ್ದರೆ ಸ್ಕ್ಯಾನರ್ ಹಾಕಿ ದೋಷದ ಸಂಕೇತ ಓದಿಸಬೇಕು. ಎ.ಎಂ.ಟಿ. ಕಾರಿಗೆ ಹೊಸ ಕ್ಲಚ್ ಹಾಕಿದಾಗ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ಕಲಿಸಲೇಬೇಕು. ಆ ಉಪಕರಣ ಇಲ್ಲದ ಕಡೆ ಕ್ಲಚ್ ಕೆಲಸ ಕೊಡಬೇಡಿ.

ತುಂಗಾತೀರ

ಮೇಸ್ತ್ರಿಗಳೇ, ಭಾಗಗಳನ್ನು ಶಿವಮೊಗ್ಗದಿಂದ ತರಿಸಬೇಕು. ಕಾರನ್ನು ಪೇಟೆಯ ಇನ್ನೊಂದು ಗ್ಯಾರೇಜಿಗೆ ಒಯ್ಯುವುದು ಹೇಗೆ? ಎಂಜಿನ್ ಆಫ್ ಇದ್ದಾಗ ಗೇರ್ ಹಾಕಿ ಸ್ಟಾರ್ಟ್ ಮಾಡಿದರೆ ಓಡುತ್ತದೆ ಎಂದು ಅಣ್ಣ ಹೇಳುತ್ತಿದ್ದಾನೆ.

ಕರಾವಳಿ ಚಾಲಕ

ಅಣ್ಣನವರ ಮಾತು ನಿಜ. ಮೊದಲ ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಿದರೆ ಕಾರು ಎಗರಿಕೊಂಡು ಹೊರಡುತ್ತದೆ. ನಿಲ್ಲಿಸಬೇಕಾದಾಗ ನ್ಯೂಟ್ರಲ್ ಮಾಡಬೇಕು ಅಥವಾ ಆಫ್ ಮಾಡಬೇಕು. ರಾತ್ರಿ ಹೊತ್ತು, ಖಾಲಿ ರಸ್ತೆ, ಸಮತಟ್ಟು, ಹತ್ತಿರದ ದಾರಿ, ಇಷ್ಟೂ ಕೂಡಿಬಂದರೆ ಅನುಭವಸ್ಥರು ಹೀಗೆ ಓಡಿಸುತ್ತಾರೆ. ನಿಮ್ಮ ಕಾರಿಗೆ ಅದು ಬೇಡ ಎಂದೇ ನನ್ನ ಒತ್ತಾಯ. ನಿಮ್ಮಲ್ಲಿ ಬ್ರೇಕ್ ಆಯಿಲ್ ಡಬ್ಬಿಯೇ ಕೆಳಗಿಳಿದಿದೆ. ಪೇಟೆಯಲ್ಲಿ ಜನ ಅಡ್ಡ ಬಂದರೆ ಕ್ಲಚ್ ಇಲ್ಲದ ಕಾರು ನಿಲ್ಲಲು ಒಪ್ಪುವುದಿಲ್ಲ.

ಆಗುಂಬೆ, ಶಿರಾಡಿ, ಚಾರ್ಮಾಡಿಯಂಥ ಕಡೆ ನಡುದಾರಿಯಲ್ಲಿ ಗೇರ್ ಕೈಕೊಟ್ಟರೆ ಏನು ಮಾಡಬೇಕೆಂದು ಗೊತ್ತಿರಲಿ. ತಿರುವಿನಲ್ಲಿ ನಿಲ್ಲಬೇಡಿ, ಸಾಧ್ಯವಾದಷ್ಟು ಗುಡ್ಡದ ಬದಿಗೆ ಸರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನವನ್ನು ತಿರುವಿಗೆ ಮೊದಲೇ ಇಡಿ, ಮಂಜಿನಲ್ಲಿ ಹತ್ತಿರ ಇಟ್ಟರೆ ಪ್ರಯೋಜನವಿಲ್ಲ. ಎಲ್ಲರೂ ಕಾರಿನಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ನ್ಯೂಟ್ರಲ್‌ನಲ್ಲಿ ಇಳಿಜಾರು ಜಾರಿಕೊಂಡು ಹೋಗುವ ಯೋಚನೆಯನ್ನಂತೂ ಮಾಡಲೇಬಾರದು. ಎಂಜಿನ್ ಆಫ್ ಆದರೆ ಬ್ರೇಕಿನ ನೆರವಿನ ಬಲ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ.

ಮ್ಯಾನುಯಲ್ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆಯಬಹುದು. ಆಟೊಮ್ಯಾಟಿಕ್ ಆದರೆ ಎಂಜಿನ್ ಬಲ ಹೋಗುವ ಚಕ್ರಗಳು ನೆಲಕ್ಕೆ ತಾಗದಂತೆ, ಲಾರಿಯ ಮೇಲೇರಿಸಿಯೇ ಸಾಗಿಸಬೇಕು.

ತುಂಗಾತೀರ

ನೀವು ಬೇಡವೆಂದಂತೆ ಓಡಿಸಲಿಲ್ಲ, ಕಾರನ್ನು ಲಾರಿಯ ಮೇಲೇರಿಸಿಯೇ ಸಾಗಿಸಿದೆವು. ಮಾಸ್ಟರ್, ಸ್ಲೇವ್ ಎರಡೂ ಹೊಸದು ಹಾಕಿದ್ದಾರೆ. ಬಿಚ್ಚಿದ ಹಳೆಯ ಮಾಸ್ಟರಿನ ಬಟ್ಟಲಿನಂಥ ರಬ್ಬರ್ ಸೀಲಿನ ಅಂಚು ಒಂದು ಕಡೆ ಹರಿದಿತ್ತು, ಒಳಗೆ ಕಪ್ಪು ಮಸಿಯಂಥ ಗಸಿ. ಗೇರ್ ಈಗ ಬೀಳುತ್ತಿದೆ, ಆದರೆ ಪೆಡಲ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ನೆಲದ ಹತ್ತಿರ ಹೋದಾಗಷ್ಟೇ ಕ್ಲಚ್ ಬಿಡುತ್ತದೆ. ಏರ್ ತೆಗೆದಾಗಿದೆ ಎನ್ನುತ್ತಾರೆ.

ಗ್ಯಾರೇಜ್ ಮೇಸ್ತ್ರಿ

ಏರ್ ಇನ್ನೂ ಉಳಿದಿದೆ. ಹೊಸ ಮಾಸ್ಟರ್ ಒಣಗಿ ಬಂದಿರುತ್ತದೆ, ಅದರ ಮೂಲೆಯಲ್ಲಿ ಸಿಕ್ಕ ಗುಳ್ಳೆ ಬೇಗ ಹೊರಬರುವುದಿಲ್ಲ. ಸ್ಲೇವಿನ ನಿಪ್ಪಲಿಗೆ (ಗಾಳಿ ಹೊರಬಿಡುವ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಪೈಪಿನ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೋದ ಮೇಲೆ ಬಿಗಿ ಮಾಡಲಿ. ಬಿಗಿಯಾದ ಮೇಲಷ್ಟೇ ಪೆಡಲ್ ಮೇಲೆ ಬರಬೇಕು, ಮೊದಲೇ ಬಿಟ್ಟರೆ ಗಾಳಿ ಒಳಕ್ಕೆ ಎಳೆಯುತ್ತದೆ. ಆಯಿಲ್ ಕ್ಲಚ್ಚಿನ ಪೆಡಲ್ ತಾನಾಗಿ ಮೇಲೇಳದಿದ್ದರೆ ಕೈಯಿಂದ ಎತ್ತಿ. ಡಬ್ಬಿ ಬರಿದಾಗದಂತೆ ಒಬ್ಬರು ಕಣ್ಣಿಟ್ಟಿರಲಿ. ಅವಸರಪಟ್ಟು ಬಡಬಡ ಪಂಪ್ ಮಾಡಿದರೆ ಗುಳ್ಳೆ ಪುಡಿಯಾಗಿ ನೊರೆಯಾಗುತ್ತದೆ. ಕಡೆಗೆ ನಿಪ್ಪಲ್ ತೆರೆದಿಟ್ಟು, ಪೆಡಲ್ ಮುಟ್ಟದೆ, ಆಯಿಲ್ ತಾನಾಗಿ ತೊಟ್ಟಿಕ್ಕಲು ಬಿಡಿ. ಹಠಮಾರಿ ಗುಳ್ಳೆಗಳು ಹೊರಬರುವುದು ಹಾಗೆಯೇ.

ತುಂಗಾತೀರ

ಮೇಸ್ತ್ರಿಗಳೇ, ನಿಮ್ಮ ಮಾತನ್ನು ಅಕ್ಷರಶಃ ಗ್ಯಾರೇಜಿನ ಹುಡುಗನಿಗೆ ಓದಿ ಹೇಳಿದೆ. ಅವನು ಶ್ರದ್ಧೆಯಿಂದ ಮಾಡಿದ. ಪೈಪಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಬಹಳ ಹೊತ್ತು ಬರುತ್ತಲೇ ಇದ್ದವು. ಈಗ ಪೆಡಲ್ ಗಟ್ಟಿಯಾಗಿದೆ, ಅರ್ಧ ದಾರಿಯಲ್ಲೇ ಕ್ಲಚ್ ಬಿಡುತ್ತದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಗೇರ್ ಬಾಕ್ಸ್ ಇಳಿಸಿದ್ದರೆ ಆಗುತ್ತಿದ್ದ ಖರ್ಚಿನ ಕಾಲುಭಾಗವೂ ಆಗಲಿಲ್ಲ. ಅಮ್ಮನನ್ನು ಶಿವಮೊಗ್ಗಕ್ಕೆ ಕರೆದೊಯ್ದು ಬಂದೆ. ನಿಮಗೆಲ್ಲ ಮನಸಾರೆ ಕೃತಜ್ಞತೆ.

ಹೊಸ ಸದಸ್ಯ, ಕಲಬುರಗಿ

ಇದೇ ಚರ್ಚೆಯಲ್ಲಿ ನನ್ನದೊಂದು. ಬೇರೆಲ್ಲ ಗೇರ್ ಸರಿ, ಎರಡನೆಯದು ಮಾತ್ರ ಮೂರರಿಂದ ಇಳಿಸುವಾಗ ಕರಕರ ಎನ್ನುತ್ತದೆ. ರಿವರ್ಸ್ ಕೂಡ ಕೆಲವೊಮ್ಮೆ. ಇದೂ ಆಯಿಲ್ ಸೋರಿಕೆಯೇ?

ಗ್ಯಾರೇಜ್ ಮೇಸ್ತ್ರಿ

ಅಲ್ಲ ಸರ್. ಕ್ಲಚ್ ಬಿಡದಿದ್ದರೆ ಎಲ್ಲ ಗೇರಿಗೂ ತೊಂದರೆ ಬರಬೇಕು. ಒಂದೇ ಗೇರ್ ತಕರಾರು ಮಾಡಿದರೆ ಆ ಗೇರಿನ ಸಿಂಕ್ರೊ ಸವೆದಿದೆ ಎಂದು ಅನುಮಾನಿಸಬೇಕು. ರಿವರ್ಸಿಗೆ ಹಾಕುವ ಮುನ್ನ ಕಾರು ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ತಡೆಯಿರಿ ಅಥವಾ ಒಮ್ಮೆ ಮೊದಲ ಗೇರಿಗೆ ಒತ್ತಿ ಆಮೇಲೆ ರಿವರ್ಸಿಗೆ ಹಾಕಿ. ಮೊದಲ ಗೇರಿನ ಸಿಂಕ್ರೊ ತಿರುಗುವ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ. ಕ್ಲಚ್ ಒತ್ತಿ ಬಹಳ ಹೊತ್ತು ಕಾದರೂ ಕರಕರ ಬಂದರೆ ಆಗ ಕ್ಲಚ್ ನೋಡೋಣ.

ಎರಡನೇ ಗೇರಿಗೆ ಮೊದಲು ಗೇರ್ ಆಯಿಲ್ ಬದಲಿಸಿ ನೋಡಿ. ಕೈಪಿಡಿಯಲ್ಲಿ ಗೇರ್ ಆಯಿಲಿನ ದರ್ಜೆ ಜಿ.ಎಲ್. 4 ಎಂದಿದ್ದರೆ ಅದನ್ನೇ ಹಾಕಿಸಿ. ಜಿ.ಎಲ್. 5 ದೊಡ್ಡ ನಂಬರ್ ಎಂದು ಅದನ್ನು ಸುರಿಯುವವರಿದ್ದಾರೆ. ಅದರಲ್ಲಿರುವ ರಾಸಾಯನಿಕ ಹಿತ್ತಾಳೆಯ ಉಂಗುರಕ್ಕೆ ಒಗ್ಗದಿರಬಹುದು, ಜೊತೆಗೆ ಉಂಗುರಕ್ಕೆ ಬೇಕಾದ ಹಿಡಿತವನ್ನೇ ಜಾರಿಸಿಬಿಡುತ್ತದೆ. ಆಯಿಲ್ ಇಳಿಸುವ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗಿನದು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದು ಬಿಗಿದುಕೊಂಡಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ. ಇಳಿದ ಆಯಿಲನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ. ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಗಸಿ ಅಂಟಿರುವುದು ಸಹಜ. ಚಿನ್ನದ ಬಣ್ಣದ ಹೊಳಪು ತೇಲಿದರೆ ಸಿಂಕ್ರೊ ಕರಗುತ್ತಿದೆ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ, ತಟ್ಟೆಯ ಚಿತ್ರವನ್ನು ಇಲ್ಲಿ ಹಾಕಿ. ಇಳಿಸಬೇಕೋ ಬೇಡವೋ ಎಂದು ನೋಡಿ ಹೇಳುತ್ತೇನೆ.